ಎಷ್ಟು ದಿವಸ ಅಂತ ಹೇಳ್ರಿ

ನಮ್ಮ ಕಡೆ 'ನವನಗರಕ್ಕ ಹೋಗ್ಯಾರಂತ' ಎಂದು ಯಾರಾದರೂ ಹೇಳಿದರೆ ಯಾವ ನವನಗರ ಎಂದು ಕೇಳಿಕೊಳ್ಳಬೇಕಾಗುತ್ತದೆ. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಓಣಿಗಳು ಮುಳುಗುವ ಹೊತ್ತಿಗೆ ಜನ ಗಂಟುಮೂಟೆ ಕಟ್ಟಿಕೊಂಡು ಹೋಗಿ ನೆಲೆಸಿದ್ದು ಬಾಗಲಕೋಟೆಯ ನವನಗರ. ಅಲ್ಲಿಗೆ ಹೋದವರನ್ನು 'ಮನಿ ಕಟ್ಟಿಸಿದ್ರೇನ್ರಿ, ಎಷ್ಟನೇ ಸೆಕ್ಟರು?' ಎಂದು ಕೇಳಬಹುದು. ಇನ್ನೊಂದು ಹುಬ್ಬಳ್ಳಿಯ ನವನಗರ. ಅಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಅಲ್ಲಿಗೆ ಹೋದವರನ್ನು ನೇರವಾಗಿ ಯಾರೂ ಏನೂ ಕೇಳುವುದಿಲ್ಲ. ಮನೆಯವರನ್ನು ಬದಿಗೆ ಕರೆದು, ದನಿ ತಗ್ಗಿಸಿ ಒಂದೇ ಪ್ರಶ್ನೆ ಕೇಳುತ್ತಾರೆ: "ಎಷ್ಟು ದಿವಸ ಅಂತ ಹೇಳ್ಯಾರ?"

ಈ ಪ್ರಶ್ನೆಯನ್ನು ನಾನೂ ಕೇಳಿದವಳೇ. ಕೇಳಿ, ಬಂದ ಉತ್ತರವನ್ನು ನಂಬಿ, ಅದರ ಮೇಲೆ ಇನ್ನೊಬ್ಬರಿಗೆ ಲೆಕ್ಕವನ್ನೂ ಹಾಕಿಕೊಟ್ಟವಳು. ಆ ಮಾತು ಇಷ್ಟು ವರ್ಷ ಒಳಗೇ ಉಳಿದಿತ್ತು.

ನನ್ನ ಅಕ್ಕನನ್ನು ಇಳಕಲ್ಲಿಗೆ ಕೊಟ್ಟಿತ್ತು. ನೇಕಾರರ ಮನೆ. ಕುಣಿ ಮಗ್ಗದಲ್ಲಿ ಮಾಮಾ ಕೂತರೆ ಕಂಡಿಕೆ ಸುತ್ತುವುದು, ನೂಲು ಹದ ಮಾಡುವುದು, ಕೊಂಡಿ ಕೂಡಿಸುವುದು ಎಲ್ಲ ಅಕ್ಕನ ಕೈಯದು. ಇಳಕಲ್ಲ ಸೀರೆ ಉಟ್ಟ ನಿಮಗೆ ಗೊತ್ತಿರಬಹುದು, ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೊಂಡಿ ಹಾಕಬೇಕು. ಹಾಗಾಗಿ ಪ್ರತಿಯೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಅಕ್ಕ ಈ ಕೆಲಸವನ್ನು ರೇಡಿಯೋ ಕೇಳುತ್ತ, ನನ್ನೊಡನೆ ಮಾತಾಡುತ್ತ, ಕಣ್ಣು ಅತ್ತಿತ್ತ ಹೊರಳಿಸುತ್ತಲೇ ಮಾಡುತ್ತಿದ್ದಳು. 'ಯಾವಾಗ ಮುಗೀತೈತಿ ಈ ಸೀರಿ?' ಎಂದು ಗಿರಾಕಿ ಕೇಳಿದರೆ ಮಾಮಾ ಒಂದು ದಿನ ಹೇಳುತ್ತಿದ್ದರು, ಅಕ್ಕ ಒಳಗಿನಿಂದ ಇನ್ನೊಂದು ದಿನ ಹೇಳುತ್ತಿದ್ದಳು. ಸರಿಯಾಗುತ್ತಿದ್ದದ್ದು ಅಕ್ಕನದೇ.

2013ರ ಯುಗಾದಿಗೆ ಹೋದಾಗ ಅಕ್ಕ ಊಟಕ್ಕೆ ಕೂತವಳು ಅರ್ಧ ರೊಟ್ಟಿಗೇ ಎದ್ದಳು. "ಯಾಕ ಅಕ್ಕಾ?" ಎಂದೆ. "ಏನೋ ತಂಗಿ, ಅರ್ಧ ರೊಟ್ಟಿಗೇ ಹೊಟ್ಟಿ ತುಂಬಿಬಿಡ್ತೈತಿ" ಎಂದಳು. ನಾನು ನಕ್ಕು, "ಛಲೋ ಆತು ಬಿಡು, ನಾ ದುಡ್ಡು ಕೊಟ್ಟು ವಾಕಿಂಗ ಬೂಟು ತಗೊಂಡೇನಿ, ನೀ ಪುಕ್ಕಟೆ ಸಣ್ಣಾಗಾಕತ್ತಿ" ಎಂದೆ. ಇದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಓಣಿಯ ಡಾಕ್ಟರು ಗ್ಯಾಸ್ ಎಂದರು, ಗುಳಿಗೆ ಕೊಟ್ಟರು. ಕೆಂಪು ಖಾರ ಬಿಡಲು ಹೇಳಿದರು. ಅಕ್ಕ ಖಾರ ಬಿಟ್ಟಳು. ಜುಲೈ ಹೊತ್ತಿಗೆ ಕುಪ್ಪಸಗಳು ಜೋಲು ಬಿದ್ದವು. ಹುನಗುಂದದ ನನ್ನ ಮನೆಗೆ ಬಂದವಳು ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಾಗ ನಾನು ಶಾಲೆಗೆ ರಜೆ ಬರೆದುಕೊಟ್ಟು ಬಾಗಲಕೋಟೆಗೆ ಕರೆದುಕೊಂಡು ಹೋದೆ. ಗಂಟಲಿನೊಳಗೆ ನಳಿಗೆ ಬಿಟ್ಟು ನೋಡುವ ಎಂಡೋಸ್ಕೋಪಿ ಆಯಿತು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಅಲ್ಲಿಂದ ದೊಡ್ಡ ಊರಿನ ದೊಡ್ಡ ಆಸ್ಪತ್ರೆ. ಅದರ ಹೆಸರು ಬೇಡ. ನಾನು ಹೇಳಹೊರಟಿರುವುದು ಅವರ ತಪ್ಪನ್ನಲ್ಲ.

ಜುಲೈ 13, ಶನಿವಾರ. ಅಕ್ಕನನ್ನು ಬೆಂಚಿನ ಮೇಲೆ ಕೂಡಿಸಿ, ಕೈಯಲ್ಲಿ ಎಳನೀರು ಕೊಟ್ಟು, ಮಾಮಾ ಮತ್ತು ನಾನು ಒಳಗೆ ಹೋದೆವು. ಡಾಕ್ಟರು ಕರಿಯ ಫಿಲಮನ್ನು ಬೆಳಕಿಗೆ ಹಿಡಿದು, ಹೊಟ್ಟೆಯಿಂದ ಯಕೃತ್ತಿಗೂ ಹೊಟ್ಟೆಯ ಒಳಪದರಕ್ಕೂ ಹಬ್ಬಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ, ನಾಲ್ಕನೆಯ ಹಂತ ಎಂದರು. ಮಾಮಾನಿಗೆ ಹಂತ ಗಿಂತ ತಿಳಿಯಲಿಲ್ಲ. ಕೈ ಮುಗಿದು, "ಸಾಹೇಬ್ರ, ಎಷ್ಟು ದಿವಸ ಅಂತ ಹೇಳ್ರಿ" ಎಂದರು. ಡಾಕ್ಟರು ಸ್ವಲ್ಪ ಹೊತ್ತು ಪೆನ್ನಿನ ಟೊಪ್ಪಿಗೆ ಹಾಕಿ ತೆಗೆದು ಮಾಡಿ, "ಆರು ತಿಂಗಳು ಅಂತ ಇಟ್ಕೊಳ್ರಿ. ಔಷಧ ಹಿಡಿದ್ರ ಒಂದು ವರ್ಷ" ಎಂದರು.

'ಹಿಡಿದ್ರ' ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಒಂದು ವರ್ಷ ಎಂಬುದು ಬಿತ್ತು.

ಹೊರಗೆ ಬಂದು ಅಕ್ಕನಿಗೆ ಹುಣ್ಣು ಎಂದೆ. ಹೊಟ್ಟೆಯಲ್ಲಿ ಹುಣ್ಣಾಗಿದೆ, ಸಲೈನ್ ಮೂಲಕ ಔಷಧ ಕೊಡುತ್ತಾರೆ, ಕೂದಲು ಉದುರಬಹುದು, ಮತ್ತೆ ಬರುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಬೇಕಾದ ಕೆಲಸದವಳು ಎಷ್ಟು ಸಲೀಸಾಗಿ ಹೇಳಿದೆನೆಂದರೆ ನನಗೇ ಆಶ್ಚರ್ಯವಾಯಿತು. ಅಕ್ಕ ಎಳನೀರು ಮುಗಿಸಿ, "ಹುಣ್ಣಿಗೆ ಇಷ್ಟು ದೊಡ್ಡ ಆಸ್ಪತ್ರಿ ಕಟ್ಟ್ಯಾರ ನೋಡು" ಎಂದಳು. ಅಷ್ಟೆ.

ಅಕ್ಕನ ಮಗ ಆಗ ಪುಣೆಯಲ್ಲಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಸುದ್ದಿ ತಿಳಿದು ಬಂದು ನಾಲ್ಕು ದಿನ ಇದ್ದು ಹೋದ. ಹೊಸ ಕೆಲಸ, ಹೆಚ್ಚು ರಜೆ ಸಿಗುವಂತಿರಲಿಲ್ಲ. ಆಗಸ್ಟ್ ಕೊನೆಯ ವಾರ ಫೋನು ಮಾಡಿದ. "ಚಿಗವ್ವ, ಅವ್ವನ ದನಿ ಬ್ಯಾರೆ ಕೇಳಸ್ತೈತಿ. ಪಗಾರ ಕಟ್ಟಾದ್ರ ಆಗ್ಲಿ, ಒಂದು ತಿಂಗಳು ಬಂದಬಿಡ್ಲೇನು?" ನಾನು ಬೆರಳೆಣಿಸಿದೆ. ಜುಲೈಯಿಂದ ಆರು ತಿಂಗಳೆಂದರೆ ಜನವರಿ. ವರ್ಷವೆಂದರೆ ಮುಂದಿನ ಜುಲೈ. "ಇನ್ನೂ ಟೈಮ್ ಐತಿ ಬಾಳಾ. ಈಗ ರಜಾ ಖರ್ಚು ಮಾಡಬ್ಯಾಡ. ದೀಪಾವಳಿಗೆ ಬಾ, ಆಗ ಹೆಚ್ಚಿಗಿ ಇದ್ದು ಹೋಗಾಕ ಬರ್ತೈತಿ" ಎಂದೆ. ಮನೆಯಲ್ಲಿ ಓದಿದವಳು ನಾನು. ನನ್ನ ಮಾತನ್ನು ಅವನು ನಂಬಿದ.

ಗಣೇಶ ಚೌತಿ ಕಳೆದು ಹತ್ತನೆಯ ದಿನ, ಸೆಪ್ಟೆಂಬರ್ 19ರ ಬೆಳಗಿನ ಜಾವ ಅಕ್ಕ ಹೋದಳು. ಡಾಕ್ಟರು ಹೇಳಿದ ದಿನದಿಂದ ಎಣಿಸಿದರೆ 68 ದಿನ. ಅವಳಿಗೆ 51 ವರ್ಷ. ಮಗ ಬಂದಾಗ ಅಂಗಳದಲ್ಲಿ ಜನ ಕೂತಿದ್ದರು. ಅವನು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಹಳ ದಿನ ನಾನು ಆ ಡಾಕ್ಟರನ್ನೇ ಬೈದುಕೊಂಡೆ. ಆಮೇಲೆ, ನನ್ನ ಕೈಯಲ್ಲಿ ಕಲಿತು ಡಾಕ್ಟರಾದ ಹುಡುಗಿಯೊಬ್ಬಳು ಮನೆಗೆ ಬಂದಾಗ ಈ ವಿಷಯ ತೆಗೆದೆ. ಅವಳು ನನ್ನನ್ನೇ ತಿರುಗಿ ಕೇಳಿದಳು. "ಟೀಚರ್ರ, ನಮ್ಮ ಕ್ಲಾಸಿನ ಸರಾಸರಿ ಮಾರ್ಕ್ಸು 52 ಬಂದಿತ್ತು ಅಂತ ಬೋರ್ಡಿನ ಮ್ಯಾಲ ಬರೀತಿದ್ರಿ. ಕ್ಲಾಸಿನಾಗ 52 ಬಂದವ್ರು ಎಷ್ಟು ಮಂದಿ ಇರ್ತಿದ್ರು?" ನಿಜ. ಒಬ್ಬಳಿಗೆ 96 ಬಂದಿರುತ್ತಿತ್ತು, ಹಿಂದಿನ ಬೆಂಚಿನವನಿಗೆ 8. 52 ಬಂದವರು ಒಬ್ಬರೂ ಇರದ ವರ್ಷಗಳೂ ಉಂಟು. ಡಾಕ್ಟರು ಹೇಳುವ ತಿಂಗಳುಗಳೂ ಇಂಥ ಲೆಕ್ಕವೇ ಎಂದಳು. ಹಿಂದೆ ಇದೇ ರೋಗ ಇದೇ ಹಂತದಲ್ಲಿದ್ದ ನೂರಾರು ಮಂದಿಯನ್ನು ಸಾಲಾಗಿ ನಿಲ್ಲಿಸಿ, ನಡುವಿನವರು ಎಷ್ಟು ದಿನ ಬದುಕಿದರು ಎಂದು ನೋಡುತ್ತಾರೆ. ಅರ್ಧ ಮಂದಿ ಅದಕ್ಕಿಂತ ಮೊದಲೇ ಹೋಗಿರುತ್ತಾರೆ, ಇನ್ನರ್ಧ ಅದನ್ನು ದಾಟಿರುತ್ತಾರೆ. ನಮ್ಮವರು ಸಾಲಿನಲ್ಲಿ ಎಲ್ಲಿ ನಿಂತಿದ್ದಾರೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಹಾಗಾದರೆ ಎಲ್ಲಿ ನಿಂತಿದ್ದಾರೆಂದು ತಿಳಿಯುವ ದಾರಿಯೇ ಇಲ್ಲವೇ ಎಂದೆ. ಸ್ವಲ್ಪ ಇದೆ ಎಂದಳು. ಗಡ್ಡೆ ಹೊಟ್ಟೆಯ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಸುತ್ತಲಿನ ಎಷ್ಟು ದುಗ್ಧಗ್ರಂಥಿಗಳಿಗೆ ಹಬ್ಬಿದೆ, ದೂರದ ಅಂಗಗಳಿಗೆ ಹೋಗಿದೆಯೇ ಎಂಬ ಮೂರನ್ನು ಕೂಡಿಸಿ ಹಂತ ಹೇಳುತ್ತಾರೆ. ಪಿಯರ್ ಡೆನುವಾ ಎಂಬ ಫ್ರೆಂಚ್ ಡಾಕ್ಟರು 1940ರ ದಶಕದಲ್ಲಿ ಹಾಕಿಕೊಟ್ಟ ಕ್ರಮವಂತೆ. ಆದರೆ ಇದಷ್ಟೇ ಸಾಲದು. ರೋಗಿಯ ತೂಕ ಎಷ್ಟು ಇಳಿದಿದೆ, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಎಷ್ಟಿದೆ, ಹೊಟ್ಟೆಯಲ್ಲಿ ನೀರು ತುಂಬಿದೆಯೇ, ಇವನ್ನೆಲ್ಲ ನೋಡಬೇಕು. ಎಲ್ಲಕ್ಕಿಂತ ಮೊದಲು ಒಂದು ಸಾದಾ ಪ್ರಶ್ನೆ ಕೇಳಬೇಕು: ಹಗಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಿರುತ್ತಾರೋ, ಎದ್ದು ಓಡಾಡುತ್ತಾರೋ? ಇದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಪದ್ಧತಿ ಪ್ರಪಂಚದ ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಇದೆ. ಅಕ್ಕ ಆಗಸ್ಟಿನಲ್ಲಿ ಬಹುತೇಕ ಹಾಸಿಗೆಯಲ್ಲೇ ಇದ್ದಳು. ಮೊದಲ ಸಲ ಕೊಟ್ಟ ಕಿಮೋಥೆರಪಿಗೇ ಬಸವಳಿದು, ಎರಡನೆಯದು ಕೊಡಲಾಗಲಿಲ್ಲ. ಪಾದ ಬಾತಿದ್ದವು. ಹೊಟ್ಟೆ ಉಬ್ಬಿತ್ತು.

"ಟೀಚರ್ರ, ಹೊಟ್ಟಿ ಕ್ಯಾನ್ಸರು ಹಬ್ಬಿದ ಮ್ಯಾಲ ಔಷಧ ತಡಕೊಂಡವ್ರಿಗೆ ವರ್ಷದ ಆಸುಪಾಸು ಅಂತ ಲೆಕ್ಕ. ಏನೂ ತಗೊಳಾಕ ಆಗದವ್ರಿಗೆ ಮೂರ್ನಾಲ್ಕು ತಿಂಗಳು. ಆ ವರ್ಷದ ಲೆಕ್ಕ ತಗದದ್ದು ಎದ್ದು ನಡದಾಡೋರನ್ನ ಆರಿಸಿ ಮಾಡಿದ ಪರೀಕ್ಷೆಗಳಿಂದ" ಎಂದಳು ಹುಡುಗಿ. ಅಂದರೆ ಅಕ್ಕ ಆ ಲೆಕ್ಕದ ಹಾಜರಿ ಪುಸ್ತಕದಲ್ಲಿ ಇರಲೇ ಇಲ್ಲ. ಬೇರೆ ತರಗತಿಯ ಸರಾಸರಿಯನ್ನು ನಾನು ಅವಳ ಹೆಸರಿನ ಮುಂದೆ ಬರೆದಿದ್ದೆ.

ಇನ್ನೊಂದು ವಿಷಯವನ್ನೂ ಅವಳೇ ಹೇಳಿದ್ದು. 2000ದಲ್ಲಿ ನಿಕೊಲಸ್ ಕ್ರಿಸ್ಟಾಕಿಸ್ ಎಂಬ ವೈದ್ಯರು ಅಮೆರಿಕದ ಶಿಕಾಗೋದಲ್ಲಿ ಮಾಡಿದ ಒಂದು ಅಧ್ಯಯನವನ್ನು ಪ್ರಕಟಿಸಿದರು. 343 ಡಾಕ್ಟರುಗಳನ್ನು, ಕೊನೆಯ ದಿನಗಳಲ್ಲಿದ್ದ ಅವರ 468 ರೋಗಿಗಳ ಬಗ್ಗೆ, ಇವರು ಎಷ್ಟು ದಿನ ಇರುತ್ತಾರೆಂದು ಕೇಳಿ ಬರೆದಿಟ್ಟುಕೊಂಡು ಆಮೇಲೆ ತಾಳೆ ನೋಡಿದರು. ಸರಿಸುಮಾರಾಗಿ ಹೇಳಿದ್ದು ನೂರಕ್ಕೆ 20 ಮಾತ್ರ. ನೂರಕ್ಕೆ 63ರಷ್ಟು ಸಲ ಡಾಕ್ಟರುಗಳು ನಿಜಕ್ಕಿಂತ ಹೆಚ್ಚು ದಿನ ಹೇಳಿದ್ದರು. ಒಟ್ಟಾರೆ ನೋಡಿದರೆ ಹೇಳಿದ್ದು ನಡೆದದ್ದರ ಐದು ಪಟ್ಟಿಗಿಂತ ಹೆಚ್ಚು! ಅದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಬೇರೆ. ರೋಗಿಯ ಪರಿಚಯ ಡಾಕ್ಟರಿಗೆ ಹೆಚ್ಚು ದಿನದ್ದಾದಷ್ಟೂ ತಪ್ಪು ಹೆಚ್ಚಾಗುವ ಸಂಭವವಿತ್ತು. ವಿದ್ಯೆ ಕಲಿತವರಿಗೂ ಹೀಗಾದರೆ, ಒಂದೇ ಕೌದಿಯಲ್ಲಿ ಮಲಗಿ ಬೆಳೆದ ತಂಗಿಯ ಗತಿ ಏನು?

ತಮ್ಮ ಲೆಕ್ಕ ತಾವೇ ಸರಿಯಾಗಿ ಹಾಕಿದವರೂ ಇದ್ದಾರೆ. ಪ್ಯಾರಿಸ್ಸಿನಲ್ಲಿ ಟ್ರೂಸೋ ಎಂಬ ದೊಡ್ಡ ವೈದ್ಯರಿದ್ದರು. ಕಾಲಿನ, ಕೈಯ ರಕ್ತನಾಳಗಳಲ್ಲಿ ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿ ಬಾವು ಬಂದರೆ ಒಳಗೆಲ್ಲೋ ಕ್ಯಾನ್ಸರ್ ಅಡಗಿರಬಹುದು ಎಂದು 1865ರ ಸುಮಾರಿಗೆ ಪಾಠ ಹೇಳಿದವರು ಅವರೇ. 1867ರ ಜನವರಿಯಲ್ಲಿ ತಮ್ಮ ಕೈಯಲ್ಲೇ ಅಂಥ ಬಾವು ಕಂಡು, ತನ್ನ ಕಥೆ ಮುಗಿಯಿತೆಂದು ಶಿಷ್ಯನಿಗೆ ಹೇಳಿದರಂತೆ. ಅದೇ ಜೂನಿನಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಇದಕ್ಕೆ ತಿರುಗಾಮುರುಗಾ ಇನ್ನೊಂದು. ಸ್ಟೀಫನ್ ಜೇ ಗೂಲ್ಡ್ ಎಂಬ ಅಮೆರಿಕದ ವಿಜ್ಞಾನಿಗೆ 1982ರಲ್ಲಿ ಉದರದ ಪೊರೆಯ ಕ್ಯಾನ್ಸರ್ ಬಂತು. ಗ್ರಂಥಾಲಯಕ್ಕೆ ಹೋಗಿ ಓದಿದರೆ, ನಡುವಿನ ರೋಗಿ ಎಂಟು ತಿಂಗಳು ಬದುಕುತ್ತಾನೆಂದು ಬರೆದಿತ್ತು. ಅವರು ಅಂಕಿಗಳೊಡನೆ ಪಳಗಿದ ಮನುಷ್ಯ. ಎಂಟು ತಿಂಗಳು ದಾಟಿದ ಅರ್ಧ ಮಂದಿಯ ಸಾಲು ಎಷ್ಟು ಉದ್ದ ಹೋಗುತ್ತದೆಂದು ನೋಡಿದರು. ಅದು ಬಹಳ ದೂರದವರೆಗೆ ಹೋಗಿತ್ತು. ಇನ್ನೂ 20 ವರ್ಷ ಬದುಕಿ, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು.

ಅಷ್ಟು ದೂರ ಯಾಕೆ, ಬಾದಾಮಿಯಲ್ಲಿ ನಮ್ಮ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದಾರೆ. ಮಲ ಡಾಂಬರಿನಂತೆ ಕಪ್ಪಗೆ ಬರುತ್ತಿದೆಯೆಂದು ಸಂಕೋಚಪಡದೆ ಡಾಕ್ಟರಿಗೆ ಹೇಳಿದ್ದರಿಂದ ರೋಗ ಬೇಗ ಸಿಕ್ಕಿತು. ಹೊಟ್ಟೆಯನ್ನೇ ಪೂರ್ತಿ ತೆಗೆದು ಅನ್ನನಾಳವನ್ನು ಕರುಳಿಗೆ ಜೋಡಿಸಿದರು. 'ಹೊಟ್ಟಿನ ಇಲ್ಲಂತ, ಇನ್ನ ಏನು ಉಣ್ತಾರ, ಎಷ್ಟು ದಿನ ಇರ್ತಾರ' ಎಂದು ಬಂಧುಗಳೆಲ್ಲ ಬಾಳೆಹಣ್ಣು ಹಿಡಿದು ಬಂದು ನೋಡಿ ಹೋದರು. ತಮ್ಮಂದಿರೊಬ್ಬರು ಹಿತ್ತಲ ಜಾಗದ ಪಾಲಿನ ಮಾತನ್ನೂ ಮೆಲ್ಲಗೆ ತೆಗೆದರಂತೆ. ಅದಾಗಿ ಒಂಬತ್ತು ವರ್ಷ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಉಣ್ಣುತ್ತಾರೆ, ಹೊಟ್ಟೆ ಇಲ್ಲದವರಿಗೆ ಬಿ-12 ಜೀವಸತ್ವ ಮೈಗೆ ಹತ್ತುವುದಿಲ್ಲವಾದ್ದರಿಂದ ಅದರ ಇಂಜೆಕ್ಷನ್ ತಪ್ಪದೆ ತೆಗೆದುಕೊಳ್ಳುತ್ತಾರೆ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಬೆಳಗ್ಗೆ ನಡೆಯುತ್ತಾರೆ. "ಹೊಟ್ಟಿ ತಗದಾರ್ರೀ, ಹಸಿವಿ ತಗದಿಲ್ಲ" ಎಂದು ನಗುತ್ತಾರೆ. ಪಾಲಿನ ಮಾತು ತೆಗೆದ ತಮ್ಮ ಈಗ ಇಲ್ಲ, ಹೃದಯಾಘಾತವಾಯಿತು. ಮುಂಚೆ ಯಾರು ಎಂದು ಬರೆದಿಟ್ಟವರಾರು?

ಬೇಗ ಸಿಕ್ಕಿದರೆ ಎಷ್ಟು ವ್ಯತ್ಯಾಸವೆಂಬುದಕ್ಕೆ ಅಮೆರಿಕದ ಲೆಕ್ಕ ನೋಡಿ: ರೋಗ ಹೊಟ್ಟೆಯಲ್ಲಷ್ಟೇ ಇರುವಾಗ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 75 ಮಂದಿ ಐದು ವರ್ಷ ದಾಟುತ್ತಾರೆ, ದೂರಕ್ಕೆ ಹಬ್ಬಿದ ಮೇಲೆ ಸುಮಾರು 7 ಮಂದಿ. ಜಪಾನಿನಲ್ಲಿ, ಕೊರಿಯಾದಲ್ಲಿ ಈ ರೋಗ ಹೆಚ್ಚು. ಅಲ್ಲಿ ಆರೋಗ್ಯವಂತರನ್ನೇ ಕರೆದು ಪರೀಕ್ಷಿಸುವ ಏರ್ಪಾಡಿದೆ. ನಮ್ಮ ದೇಶದಲ್ಲಿ ಮಿಜೋರಾಮಿನ ಕಡೆ ಬಹಳ. ನಮ್ಮ ಕಡೆ ಅಷ್ಟಿಲ್ಲದ್ದರಿಂದಲೇ ಏನೋ, ಅರ್ಧ ರೊಟ್ಟಿಗೆ ಹೊಟ್ಟೆ ತುಂಬಿದರೆ ಗ್ಯಾಸ್ ಎನ್ನುತ್ತೇವೆ. ಹೆಂಗಸರಾದರಂತೂ ಉಪವಾಸ ಹೆಚ್ಚಾಗಿದೆ ಎನ್ನುತ್ತೇವೆ.

ಅಕ್ಕನಿಗೆ ಯಾಕೆ ಬಂತು ಎಂದು ಕೇಳುವವರೂ ಇದ್ದರು. ಹೊಟ್ಟೆಯಲ್ಲಿ ಹುಣ್ಣು ಮಾಡುವ ಒಂದು ಸೂಕ್ಷ್ಮಜೀವಿಯನ್ನು ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಎಂಬಿಬ್ಬರು ಕಂಡುಹಿಡಿದು 2005ರಲ್ಲಿ ನೊಬೆಲ್ ಪಡೆದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ತೋರಿಸಿದ್ದರಂತೆ! ಆ ಜೀವಿಯಿಂದ ಕ್ಯಾನ್ಸರೂ ಬರುತ್ತದೆಂದು ಈಗ ಸಿದ್ಧವಾಗಿದೆ, ಅದು ಹೊಟ್ಟೆಯಲ್ಲಿರುವ ಎಲ್ಲರಿಗೂ ಅಲ್ಲ. ಬೀಡಿ ಸಿಗರೇಟಿನಿಂದ ಅಪಾಯ ಹೆಚ್ಚು. ಮಾಮಾ ಬೀಡಿ ಸೇದುತ್ತಿದ್ದವರು, ಇಳಕಲ್ಲಿನ ಮಹಾಂತ ಅಪ್ಪಗಳ ಜೋಳಿಗೆಗೆ ಹಾಕಿ ಬಿಟ್ಟರು. 1975ರಿಂದ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿ ಕಾಳು ಕಡಿ ಬೇಡದೆ ಜನರ ದುಶ್ಚಟ ಬೇಡಿದರು. 2018ರಲ್ಲಿ ಲಿಂಗೈಕ್ಯರಾದರು. ಮಾಮಾ ಬೀಡಿ ಹಾಕಿದ ದಿನ ಅಕ್ಕ ಅವರ ಹಿಂದೆಯೇ ನಿಂತಿದ್ದಳು, ಎಲೆಯಡಿಕೆಯ ಚೀಲದಲ್ಲಿ ತಂಬಾಕು ಇಟ್ಟುಕೊಂಡು. ಅದನ್ನೂ ಹಾಕು ಎಂದು ಮನೆಯಲ್ಲಿ ಯಾರೂ ಅನ್ನಲಿಲ್ಲ. ಗಂಡಸರದು ಚಟ, ಹೆಂಗಸರದು ಎಲೆಯಡಿಕೆ. ರೋಗ ಅದರಿಂದಲೇ ಬಂತೆಂದು ನಾನು ಹೇಳಲಾರೆ. ಒಬ್ಬರ ವಿಷಯದಲ್ಲಿ ಹಾಗೆ ಬೊಟ್ಟು ಮಾಡಿ ಹೇಳಲು ಡಾಕ್ಟರಿಗೂ ಬರುವುದಿಲ್ಲ.

ಅಕ್ಕನಿಗೆ ತಿಳಿದಿತ್ತೇ ಎಂಬುದು ಉಳಿದ ಪ್ರಶ್ನೆ. ಆಗಸ್ಟಿನ ಒಂದು ಸಂಜೆ ಅವಳ ಕಾಲು ಒತ್ತುತ್ತ ಕೂತಿದ್ದೆ. ಹುರುಪು ಬರಲಿ ಎಂದು, "ಜನವರಿಗೆ ಬನಶಂಕರಿ ಜಾತ್ರಿಗೆ ಹೋಗೋಣ ಅಕ್ಕಾ. ಗುಡಿ ಮುಂದ ರೊಟ್ಟಿ ಬುಟ್ಟಿ ಇಟ್ಕೊಂಡು ಕೂತಿರ್ತಾರಲ್ಲ, ಅವರ ಕಡೆ ರೊಟ್ಟಿ, ಗಡಗಿ ಮೊಸರು, ಕೆಂಪ ಚಟ್ನಿ ಉಣ್ಣೋಣ" ಎಂದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ನೀ ಹೋಗಿ ಬಾ" ಎಂದಳು. ನನ್ನ ಕೈಯನ್ನು ಎರಡು ಸಲ ತಟ್ಟಿದಳು, ಅಳುವ ಮಗುವಿಗೆ ತಟ್ಟಿದ ಹಾಗೆ.

ಅವಳು ಹೋದ ಮೇಲೆ ಒಂದೊಂದಾಗಿ ತಿಳಿಯಿತು. ಆಗಸ್ಟ್ ಮೊದಲ ವಾರವೇ ಮಾಮಾನಿಗೆ 'ಈ ಸೀರಿ ಇಳದ ಮ್ಯಾಲ ಹೊಸಾ ಹಾಸು ಹೂಡಬ್ಯಾಡ್ರಿ, ಕೊಂಡಿ ಹಾಕಾಕ ಮಂದಿ ಸಿಗೂದಿಲ್ಲ' ಎಂದಿದ್ದಳಂತೆ. ಮಾಮಾ ಅದನ್ನು ನಿಶ್ಶಕ್ತಿಯ ಮಾತೆಂದು ತಿಳಿದಿದ್ದರು. ಪಕ್ಕದ ಮನೆಯ ಹುಡುಗಿಯನ್ನು ಮಗ್ಗದ ಹತ್ತಿರ ಕೂಡಿಸಿಕೊಂಡು ಮಲಗಿದಲ್ಲಿಂದಲೇ ಕೊಂಡಿ ಹಾಕುವುದನ್ನು ಕಲಿಸಿದ್ದಳು. ಯಾರಿಗೆ ಎಷ್ಟು ಕೊಡುವುದಿದೆ, ಯಾರಿಂದ ಬರುವುದಿದೆ ಎಂದು ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಸಿದ್ದಳು. ಕೊನೆಯ ಸೀರೆ ಗಣೇಶನ ಹಬ್ಬದ ಹಿಂದಿನ ದಿನ ಮಗ್ಗದಿಂದ ಇಳಿಯಿತು. ಗಿರಾಕಿಗೆ ಅವಳು ಹೇಳಿಕಳಿಸಿದ ದಿನವೇ.

ಇಷ್ಟೆಲ್ಲ ಲೆಕ್ಕ ಹಾಕಿದವಳು ಮಗನನ್ನು ಕರೆಸು ಎಂದು ಯಾಕೆ ಹೇಳಲಿಲ್ಲ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಕರೆಸು ಎಂದರೆ ನನ್ನ ಹುಣ್ಣಿನ ಸುಳ್ಳು ಬಯಲಾಗುತ್ತಿತ್ತು. ಅದನ್ನು ಕಾಯಲು ಅವಳು ಬಾಯಿ ಕಟ್ಟಿಕೊಂಡಳೋ? ನಾನು ಅವಳನ್ನು ಕಾಯುತ್ತಿದ್ದೇನೆಂದು ತಿಳಿದಿದ್ದೆ.

ಕಳೆದ ವರ್ಷ ಒಂದು ಮಧ್ಯಾಹ್ನ ಅಕ್ಕನ ಮಗ ಪುಣೆಯಿಂದ ಫೋನು ಮಾಡಿದ. ಈಗ ಅವನಿಗೆ ಇಬ್ಬರು ಮಕ್ಕಳು. ಅವನ ಮಾವನಿಗೆ, ಹೆಂಡತಿಯ ತಂದೆಗೆ, ಇದೇ ಹೊಟ್ಟೆಯ ಕಾಯಿಲೆ. ಗುಳೇದಗುಡ್ಡದಲ್ಲಿ ಮನೆಯಲ್ಲೇ ಇದ್ದಾರೆ. "ಚಿಗವ್ವ, ಡಾಕ್ಟರು ಇನ್ನೂ ಐದಾರು ತಿಂಗಳು ಏನೂ ಅಂಜಿಕಿಲ್ಲ ಅಂದಾರಂತ. ಮಕ್ಕಳ ಪರೀಕ್ಷಾ ಅದಾವು. ಇಕಿನ್ನ ಪರೀಕ್ಷಾ ಮುಗದ ಮ್ಯಾಲ ಕಳಸ್ಲೋ ಏನು ಮಾಡ್ಲಿ?" ಎಂದ.

ಹಾಸಿಗೆಯಿಂದ ಏಳುತ್ತಾರೇನು ಎಂದು ಕೇಳಿದೆ. ಏಳುವುದು ಕಡಿಮೆಯಾಗಿದೆಯಂತೆ, ಪಾದ ಬಾತಿವೆಯಂತೆ.

"ರಾತ್ರಿ ಬಸ್ಸು ಎಷ್ಟಕ್ಕೈತಿ?" ಎಂದೆ.

"ಒಂಬತ್ತಕ್ಕ."

"ಮಕ್ಕಳನ್ನ ನೀ ನೋಡ್ಕೊ. ಇವತ್ತಿನ ಬಸ್ಸಿಗೆ ಕಳಸು."

ಅವನು ಯಾಕೆ ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹೂಂ ಚಿಗವ್ವ" ಎಂದು ಫೋನು ಇಟ್ಟ.